ನಾಲಿಗೆಯ ಲೆಕ್ಕ

ಮಾರ್ಚ್ ತಿಂಗಳಲ್ಲಿ ನಮ್ಮ ಸ್ಕಾರ್ವಿಕದ ಮಕ್ಕಳು
ಶಾಲೆ ಬಿಟ್ಟರೆ ಸೀದಾ ಮನೆಗೆ ಹೋಗುವುದಿಲ್ಲ.
ಮೀನಿನ ಶೆಡ್ಡಿಗೆ ಬಂದು, ಚೀಲ ಮೂಲೆಗೆಸೆದು,
ಮೊಣಕಾಲು ದಾಟುವ ರಬ್ಬರ್ ಅಂಗಿ ತೊಟ್ಟು
ಕಾಡ್ ಮೀನಿನ ತಲೆಗಳ ರಾಶಿಯ ಮುಂದೆ ನಿಲ್ಲುತ್ತಾರೆ.

ಹಲಗೆಗೆ ಹೊಡೆದ ಮೊಳೆ. ಮೊಳೆಗೆ ತಲೆ.
ಒಂದು ಎಳೆತ, ಕತ್ತಿಯ ಒಂದು ತಿರುವು,
ನಾಲಿಗೆ ಬಕೆಟ್ಟಿಗೆ.
ಯೋರ್ಡಿಸಳಿಗೆ ಹನ್ನೊಂದು. ಗಂಟೆಗೆ ಮುನ್ನೂರು ಕೊಯ್ಯುತ್ತಾಳೆ.
ಬಂದ ದುಡ್ಡಿಗೆ ಸೈಕಲ್ಲಂತೆ;
ಹೋದ ವರ್ಷವೂ ಸೈಕಲ್ಲೇ ಅಂದಿದ್ದಳು.

"ಮಾತಾಡುತ್ತಿದ್ದವಾ ಇವು?" ಕೇಳುತ್ತಾಳೆ, ಕೈ ನಿಲ್ಲಿಸದೆ.
ನಾನು ಬಾಲಕ್ಕೆ ಬಾಲ ಸೇರಿಸಿ ಜೋಡಿ ಕಟ್ಟುತ್ತಿದ್ದೇನೆ.
ಎಲುಬಿಲ್ಲದ್ದು ಹೇಗೆ ಬೇಕಾದರೂ ಹೊರಳುತ್ತದೆ ಮಗಳೇ,
ಈ ಊರಲ್ಲಿ ಹೊರಳಿದಷ್ಟು ಎಲ್ಲೂ ಹೊರಳಿರಲಾರದು.

*

ನನ್ನ ಮುತ್ತಜ್ಜಿ ಓಲಿಯಾನಾ ಮೂರು ನಾಲಿಗೆಯವಳು.
ಒಂದು ಸಾಮಿ, ಒಲೆಯ ಹತ್ತಿರ, ಕುರಿಗಳ ಹತ್ತಿರ.
ಒಂದು ನಾರ್ವೇಜಿಯನ್, ಪಾದ್ರಿಗೆ, ತೆರಿಗೆಯವನಿಗೆ.
ಮೂರನೆಯದು ಬೇಸಿಗೆಯ ಬೆಳೆ; ಜೂನಿನಲ್ಲಿ ಮೊಳೆತು
ಸೆಪ್ಟೆಂಬರಿಗೆ ಒಣಗುತ್ತಿತ್ತು,
ಬಿಳಿಗಡಲಿನಿಂದ ರಷ್ಯದ ಹಡಗು ಬಂದು ಹೋಗುವವರೆಗೆ ಮಾತ್ರ.

ಅರ್ಧ ಅವರದು, ಅರ್ಧ ನಮ್ಮದು, ವ್ಯಾಕರಣ ಯಾರದೂ ಅಲ್ಲ.
ಮೋಯಾ ಅಂದರೆ ನಾನು, ನನ್ನದು. ತ್ವೋಯಾ, ನೀನು, ನಿನ್ನದು.
ಮುಕ್ಕಾ ಹಿಟ್ಟು. ಫಿಸ್ಕಾ ಮೀನು.
ಕೆಲವೇ ನೂರು ಪದ, ಬೈಗುಳವೂ ಸೇರಿ.
ದೇವರ ಬಗ್ಗೆ ಅದರಲ್ಲಿ ಹೆಚ್ಚು ಹೇಳಲಾಗುತ್ತಿರಲಿಲ್ಲ,
ತೂಕದ ಬಗ್ಗೆ ಎಲ್ಲ ಹೇಳಬಹುದಿತ್ತು.

ಸವ್ವಾತಿ ಎಂಬವನ ಹಡಗು. ಗಡ್ಡದಲ್ಲಿ ಡಾಂಬರಿನ ವಾಸನೆ.
ನೊಣ ಮುತ್ತುವ ಮೊದಲು ಬೇಸಿಗೆಯ ಮೀನಿಗೆ ಉಪ್ಪು ತುಂಬಿ
ರೈ ಹಿಟ್ಟು ಅಳೆದು ಕೊಟ್ಟು ಹೋಗುತ್ತಿದ್ದ.
ಒಮ್ಮೆ ನೀಲಿ ಹೂವಿನ ಒಂದು ಪಿಂಗಾಣಿ ಬಟ್ಟಲು.
ಅದು ಯಾವ ಲೆಕ್ಕದಲ್ಲೂ ಇಲ್ಲ. ಪುಸ್ತಕ ನೋಡಿದ್ದೇನೆ.

ಇರುವುದು ಇಷ್ಟು: ಸವ್ವಾತಿಗೆ ಎರಡು ಮೂಟೆ ಮುಕ್ಕಾದ ಸಾಲ,
ಮುಂದಿನ ಬೇಸಿಗೆ ಮೀನಿನಲ್ಲಿ ತೀರಿಸುವುದು.
ಅಷ್ಟರಲ್ಲಿ ಆ ಕಡೆ ಚಕ್ರವರ್ತಿಯನ್ನು ಇಳಿಸಿದ್ದರು.
ಓಲಿಯಾನಾ ಮೀನು ತೂಗಿಟ್ಟು ಬಂಡೆಯ ಮೇಲೆ ಕೂತಳು.
ಹಡಗು ಬರಲಿಲ್ಲ. ಅದರ ಮರುವರ್ಷವೂ.
ಆ ಮೀನನ್ನು ಕೊನೆಗೆ ಬೇಯಿಸಿ ಕುರಿಗಳಿಗೆ ಹಾಕಿದರಂತೆ.

*

ಸಾಮಿ ಹೋದದ್ದು ಶಾಲೆಯಲ್ಲಿ.
ಅಜ್ಜ ಅದರಲ್ಲಿ ನೀರು ಕೇಳಿದ, ಸಿಗಲಿಲ್ಲ.
ಆಮೇಲೆ ಬಾಯಾರಿಕೆಯನ್ನೇ ನಾರ್ವೇಜಿಯನ್ನಲ್ಲಿ ಕಲಿತ.

ನಲವತ್ತನಾಲ್ಕರ ನವೆಂಬರ್. ಜರ್ಮನರು ಹಿಂದೆ ಸರಿಯುತ್ತ
ಒಂದೊಂದೇ ಮನೆಗೆ ಬೆಂಕಿ ಇಟ್ಟರು;
ದೋಣಿಗೆ, ಮೀನು ಒಣಹಾಕುವ ಚಪ್ಪರಕ್ಕೆ, ತಂತಿ ಕಂಬಕ್ಕೂ.
ಹಿಂದಿನ ರಾತ್ರಿ ಅಜ್ಜಿ ಹೊಲಿಗೆ ಯಂತ್ರವನ್ನು
ಜೌಗು ಮಣ್ಣಿನಲ್ಲಿ ಹೂತಳು. ಅದರ ಪೆಟ್ಟಿಗೆಯೊಳಗೆ ಆ ಪುಸ್ತಕ.
"ಚಿನ್ನ ಇರಲಿಲ್ಲವಾ?"
ಚಿನ್ನ ಇದ್ದವರು ಇಲ್ಲಿ ಯಾಕೆ ಇರುತ್ತಿದ್ದರು.

ಬಟ್ಟಲು ಹೂಳುವುದು ಮರೆತಿತ್ತು.
ಮರಳಿ ಬಂದಾಗ ಬೂದಿಯಲ್ಲಿ ನೀಲಿ ಎಸಳೊಂದು,
ಉಗುರಿನಷ್ಟು.

*

ದಿನಕ್ಕೆ ಹತ್ತು ನಿಮಿಷದಂತೆ ಬೆಳಕು ವಾಪಸು ಬರುತ್ತಿದೆ.
ಚಪ್ಪರದಲ್ಲಿ ಜೋಡಿ ಜೋಡಿ ಮೀನು, ಗಾಳಿ ತಟ್ಟಿದರೆ
ಒಣ ಸೌದೆಯಂತೆ ಒಂದಕ್ಕೊಂದು ಬಡಿಯುತ್ತವೆ.
ನಾಲಿಗೆ ಇಲ್ಲ, ತಲೆಯೇ ಇಲ್ಲ,
ಆದರೂ ಏನೋ ಚೌಕಾಸಿ ನಡೆದ ಹಾಗೆ.

ಯೋರ್ಡಿಸಳ ಬಕೆಟ್ ತೂಗಿದೆ: ಒಂಬತ್ತೂವರೆ ಕಿಲೊ.
ಹತ್ತು ಅಂತ ಬರಿ ಅಂದಳು. ಒಂಬತ್ತೂವರೆ ಬರೆದೆ.
ಮುಖ ಊದಿಸಿ, ಕತ್ತಿ ಒರೆಸಿ, ಚೀಲ ಹೆಗಲಿಗೇರಿಸಿ
ಬಾಗಿಲಿಂದ ತಿರುಗಿ ಒಂದು ಎಸೆದಳು:
"ತ್ವೋಯಾ ಅರ್ಧ ಕಿಲೊ, ಮೋಯಾ!"
ಕೆಸರು ಹಿಮದಲ್ಲಿ ಬೂಟು ಬಡಿಯುತ್ತ ಹೋದಳು.

ನೂರು ವರ್ಷವಾದರೂ ಬಡ್ಡಿ ಕೇಳದ ಆ ಎರಡು ಮೂಟೆಯ ಕೆಳಗೆ
ಜಾಗ ಇದೆ ಇನ್ನೂ ಒಂದು ಸಾಲಿಗೆ.