ಗೇಟು ಇದ್ದ ಹಾಗೆ

ಮೊದಲನೆಯ ನಿಯಮ, ಎಂದಳು ರೋನಾ ಬೆಡೋಸ್,
ಹೆಲ್ಮೆಟ್ಟಿನ ಪಟ್ಟಿಯನ್ನು ನನ್ನ ಗದ್ದದಡಿ ಬಿಗಿಯುತ್ತ:
ಗೇಟು ತೆರೆದಿದ್ದರೆ ತೆರೆದೇ ಬಿಡಿ,
ಹಾಕಿದ್ದರೆ ಹಾಕಿ ಬನ್ನಿ.
ಕುರಿ ನಮ್ಮವಲ್ಲ. ಲೆಕ್ಕ ಇಟ್ಟವರು ಬೇರೆ.

ಎರಡನೆಯದು ಬ್ರೇಕಿನದು.
ಒಂದೇ ಬೆರಳು, ಇಡೀ ಮುಷ್ಟಿಯಲ್ಲ.
ಅದು ನನಗೆ ಬೇರೆ ದಾರಿಯಿಂದ ಗೊತ್ತಿತ್ತು.
ಇಪ್ಪತ್ತೆರಡು ವರ್ಷದಿಂದ ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಯಲ್ಲಿ
ಎಕ್ಸ್‌ರೇ ತೆಗೆಯುವವಳು ನಾನು;
ಮುಷ್ಟಿ ಹಿಡಿದವರ ಕೊರಳೆಲುಬು
ಸೋಮವಾರ ಬೆಳಿಗ್ಗೆ ನನ್ನ ಪರದೆಗೆ ಬರುತ್ತದೆ
ಒಡೆದ ಬಳೆಯ ಹಾಗೆ, ಬಿಳಿ.

ಒಟ್ಟು ಆರು ಜನ.
ನಿವೃತ್ತ ಪೋಸ್ಟ್‌ಮನ್ ಒಬ್ಬ.
ಮಾತು ಬಿಟ್ಟ ಗಂಡ ಹೆಂಡತಿ, ಆದರೂ ಒಂದೇ ಬಣ್ಣದ ಜರ್ಸಿ.
ಇಬ್ಬರು ಹುಡುಗರು, ಅವರ ಸೈಕಲ್ಲಿನ ಬೆಲೆಗೆ
ನನ್ನ ಕಾರು ಬಂದು ಚಿಲ್ಲರೆ ಉಳಿದೀತು.
ನಾನು, ಐವತ್ನಾಲ್ಕು,
ಬಾಡಿಗೆ ಸೈಕಲ್ಲು.

ಬಾಡಿಗೆ ಎಂದರೆ ನನಗೆ ದಾವಲಸಾಬ.
ರಾಣೆಬೆನ್ನೂರಿನ ಸ್ಟೇಷನ್ ರೋಡು,
ತಾಸಿಗೆ ಮೂವತ್ತು ಪೈಸೆ,
ಗ್ರೀಸು ಹತ್ತಿದ ವಹಿಯಲ್ಲಿ ಹೆಸರು, ಹೊತ್ತು.
ನನ್ನ ಸರದಿ ಬಂದಾಗ ಅಣ್ಣನ ಹೆಸರು ಬರೆಯುತ್ತಿದ್ದ,
ಹುಡುಗಿಗೆ ಯಾಕೆ ಕೊಟ್ಟೆ ಅಂತ ಯಾರೂ ಕೇಳಬಾರದಲ್ಲ.
ಕಂಬಿಯ ಕೆಳಗೆ ಕಾಲು ತೂರಿಸಿ
ಏಡಿಯಂತೆ ಓರೆಯಾಗಿ ಒಳಪೆಡಲು ತುಳಿದು
ಅಣ್ಣನ ಹೆಸರಿನಲ್ಲೇ ನಾನು ಬಿದ್ದದ್ದು, ಎದ್ದದ್ದು.

ಲಾಂಗ್ ಮಿಂಡ್ ದೂರದಿಂದ ಬೆಟ್ಟವೇ ಅಲ್ಲ,
ಬೋರಲು ಮಲಗಿದ ಯಾರದೋ ಬೆನ್ನು.
ಹತ್ತತೊಡಗಿದರೆ ಮಾತ್ರ ಒಂದೊಂದು ಮಣಿಯೂ ಎಣಿಕೆಗೆ ಸಿಗುತ್ತದೆ.
ನೋಡಿದ ಕಡೆಗೇ ಹೋಗುತ್ತೀರಿ, ಎಂದು ಕೂಗಿದಳು ರೋನಾ ಮುಂದಿನಿಂದ,
ಕಲ್ಲು ನೋಡಬೇಡಿ! ಕಲ್ಲಿನ ಪಕ್ಕ ನೋಡಿ!
ನಾನು ಕಲ್ಲನ್ನೇ ನೋಡಿದೆ.
ಮೊಣಕೈಗೆ ಶ್ರಾಪ್‌ಶೈರಿನ ಮಣ್ಣು ಹತ್ತಿತು, ಎಲುಬಿಗೆ ಏನೂ ಆಗಿಲ್ಲ,
ಆ ಬಗ್ಗೆ ನನ್ನ ಮಾತು ನಂಬಬಹುದು.

ನೆತ್ತಿಯಲ್ಲಿ ಗಾಳಿ. ನೇರಳೆ ಹೂವಿನ ಕುರುಚಲು.
ಎಂಜಿನ್ನಿಲ್ಲದ ವಿಮಾನವೊಂದು ಸದ್ದಿಲ್ಲದೆ ನಮ್ಮ ಮೇಲಿಂದ ಹೋಯಿತು.
ಅತ್ತ ವೇಲ್ಸ್, ಎಂದು ಪೋಸ್ಟ್‌ಮನ್ ಬೆರಳು ತೋರಿದ,
ಯಾವುದೋ ಪತ್ರ ಅಲ್ಲಿ ಇನ್ನೂ ಬಾಕಿ ಇದೆಯೆಂಬಂತೆ.
ಕಾಡುಹಣ್ಣು ಕಿತ್ತು ತಿಂದು ಎಲ್ಲರ ತುಟಿಯೂ ಮಸಿ.
ಮಾತು ಬಿಟ್ಟ ಹೆಂಡತಿ ನಕ್ಕಳು. ಗಂಡನೂ.
ಆಮೇಲೆ ಮತ್ತೆ ಮಾತಿಲ್ಲ.

ಇಳಿಜಾರು ಮಾತ್ರ ಹೇಳಲಾರೆ.
ಪಕ್ಕದಲ್ಲಿ ಕಣಿವೆ, ಹಿಂಬದಿ ಸೀಟಿನಿಂದ ಆಚೆ,
ಒಂದೇ ಒಂದು ಬೆರಳು.

ಕೆಳಗೆ ತೊರೆ ದಾಟುವಲ್ಲಿ ಗಾಳಿ ಹೋಯಿತು, ನನ್ನದಲ್ಲ, ರೋನಾಳದು.
ಟೈರಿನೊಳಗಿನ ಬಿಳಿ ಅಂಟು ಹಾಲಿನಂತೆ ಉಕ್ಕಿತು, ನಿಲ್ಲಲಿಲ್ಲ.
ಚೀಲದ ತಳದ ಹಳೇ ಟ್ಯೂಬೂ ಬುಸ್ಸೆಂದಿತು.
ಹುಡುಗರು ಫೋನು ಎತ್ತಿ ಆಕಾಶಕ್ಕೆ ಹಿಡಿದರು.

ಕೊಡಿಲ್ಲಿ, ಅಂದೆ, ಕನ್ನಡದಲ್ಲೇ ಬಂತು.
ಟ್ಯೂಬನ್ನು ಕೆನ್ನೆಯ ಹತ್ತಿರ ಮೆಲ್ಲಗೆ ಜರುಗಿಸಿದೆ.
ಕಣ್ಣಿಗೆ ಕಾಣದ್ದು ಕೆನ್ನೆಗೆ ಗೊತ್ತಾಗತೈತಿ ಬೇ,
ಎನ್ನುತ್ತಿದ್ದ ದಾವಲಸಾಬ, ಬಲಗಣ್ಣಿಗೆ ಪೊರೆ ಬಂದವನು.
ತಣ್ಣನೆಯ ಎಳೆಯೊಂದು ಮುಟ್ಟಿತು.
ತೊರೆಯಲ್ಲಿ ಮುಳುಗಿಸಿದೆ: ಗುಳ್ಳೆ, ಗುಳ್ಳೆ, ಗುಳ್ಳೆ.
ಒರೆಸಿ, ಉಜ್ಜಿ, ತೇಪೆ ಒತ್ತಿ
ನೂರು ಎಣಿಸಿದೆ. ಅವನಾದರೆ ಬೀಡಿ ಮುಗಿಸುತ್ತಿದ್ದ.

ಯಾರಿಂದ ಕಲಿತದ್ದು, ರೋನಾ ಕೇಳಿದಳು.
ಹೆಸರು ಹೇಳಿದೆ. ಎರಡು ಸಲ ಹೇಳಿಸಿಕೊಂಡು
ತಾನೂ ಹೇಳಿ ನೋಡಿದಳು, ಸ್ವಲ್ಪ ಸೊಟ್ಟ.
ನನ್ನ ಹೆಸರು ಎಲ್ಲಿ ಬರೆದಿತ್ತೆಂಬುದನ್ನು ಹೇಳಲಿಲ್ಲ.

ಕೊನೆಯ ಗೇಟಿಗೆ ನಾನೇ ಹಿಂದೆ ಉಳಿದವಳು.
ಎಲ್ಲರೂ ಮುಂದೆ, ಚಹಾದ ಕಡೆಗೆ.
ಚಿಲಕದ ಮೇಲೆ ಕೈಯಿಟ್ಟು ನಿಂತೆ.
ನಾವು ಬಂದಾಗ ತೆರೆದಿತ್ತೋ, ಹಾಕಿತ್ತೋ?
ಕೂಗಿ ಕೇಳಿದೆ, ಗಾಳಿ ನುಂಗಿತು.
ಬೆನ್ನಿಗೆ ನೀಲಿ ಬಳಿದ ಒಂದು ಕುರಿ
ಹತ್ತಿರ ಬಂದು ನನ್ನನ್ನೇ ನೋಡಿತು.
ಅದಕ್ಕೆ ಗೊತ್ತಿತ್ತು.
ಹೇಳಲಿಲ್ಲ.