ಐದು ಜೇಬಿನಷ್ಟು ದೂರ

ಸೂರ್ಯನಿಂದ ಬೆಳಕು ಇಲ್ಲಿಗೆ ಬರಲು
ಎಂಟು ನಿಮಿಷ, ಮೇಲೆ ಇಪ್ಪತ್ತು ಸೆಕೆಂಡು, ಅನ್ನುತ್ತದೆ ಪುಸ್ತಕ.
ನನ್ನ ಲೆಕ್ಕದಲ್ಲಿ ಅದು ಒಂದು ಪ್ಯಾಂಟಿನ ಐದು ಜೇಬು,
ಚಿಲ್ಲರೆ ಹಾಕುವ ಆ ಕಿರುಜೇಬೂ ಸೇರಿ,
ದಾರ ತುಂಡಾಗದಿದ್ದರೆ.

ಮೊದಲ ಜೇಬಿಗೆ ಸೂಜಿ ಇಳಿಸಿದಾಗ ಹೊರಟದ್ದು
ಐದನೆಯದರ ಬಾಯಿ ಮಡಚುವಾಗ
ಕೌಲ್‌ಬಜಾರಿನ ತಗಡಿನ ಸಂದಿಯಿಂದ ಇಳಿದು
ನನ್ನ ಮೊಣಕೈ ಮೇಲೆ ಬೀಳುತ್ತದೆ.
ಹದಿನೈದು ಕೋಟಿ ಕಿಲೋಮೀಟರು ನನಗೆ ಬರೀ ಸದ್ದು.
ಐದು ಜೇಬು ಅಂದರೆ ಗೊತ್ತು,
ಬೆನ್ನಿಗೆ ಗೊತ್ತು.

ಪುಸ್ತಕ ಜಿಲ್ಲಾ ಗ್ರಂಥಾಲಯದ್ದು.
ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ
ಎಣಿಸಿ ಮೂವತ್ತೈದು ಗಿಟ್ಟಿಸಿದವಳು ನಾನು.
ಸಮೀಕರಣ ಬಂದ ಕಡೆ
ಕೆಸರು ಕಂಡಂತೆ ಸೀರೆ ಎತ್ತಿ ದಾಟುತ್ತೇನೆ.
ಆಚೆ ದಡದಲ್ಲಿ ಮತ್ತೆ ಕನ್ನಡ ಸಿಗುತ್ತದೆ.

ನನಗಿಂತ ಮುಂಚೆ ಓದಿದವರ್ಯಾರೋ
ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದಾರೆ.
ಅಲ್ಲಲ್ಲಿ ‘ಹೌದಾ?’
ಒಂದು ಕಡೆ ‘ಸುಳ್ಳಿರಬೇಕು’,
ಆಮೇಲೆ ಅದನ್ನು ಒರೆಸಲು ನೋಡಿದ ಗುರುತು.
ಅವರ ಹಿಂದೆಯೇ ನಡೆದೆ,
ಕತ್ತಲಲ್ಲಿ ಮುಂದಿನವರ ಚಪ್ಪಲಿ ಸದ್ದು ಹಿಡಿದು ಹೋದಂತೆ.

ಅಣುವಿನೊಳಗೆ ಬಹುಪಾಲು ಖಾಲಿಯೇ ಅಂತೆ.
ಊಟದ ಹೊತ್ತಿಗೆ ಖಾಜಾಬಿಗೆ ಹೇಳಿದೆ:
ಈ ಮಷೀನು, ಈ ಬಟ್ಟಿ, ನೀನು, ನಾನು,
ಎಲ್ಲಾ ಖಾಲೀನ ನೋಡವಾ.
ಅವಳು ರೊಟ್ಟಿ ಮುರಿದು, ಗುರೆಳ್ಳು ಪುಡಿಗೆ ಒತ್ತಿ,
‘ಹಂಗಾದ್ರ ಸೂಜಿ ಬೆರಳಿಗೆ ಯಾಕ ಚುಚ್ಚತೈತಿ?’ ಅಂದಳು.

ಓದುವಾಗ ತಿಳಿದಿತ್ತು, ಆಣೆಗೂ.
ಬಾಯಿಗೆ ಬರುವಷ್ಟರಲ್ಲಿ ಬಿಚ್ಚಿಹೋಯಿತು
ಗಂಟು ಹಾಕದೆ ಬಿಟ್ಟ ಹೊಲಿಗೆಯ ಹಾಗೆ.
ವನ್ನೂರಪ್ಪ ಮೇಸ್ತ್ರಿ ನಕ್ಕ. ನಾನೂ ನಕ್ಕೆ.
ರಾತ್ರಿ ಅವಳ ಪ್ರಶ್ನೆ ಹಿಡಿದು ಆ ಅಧ್ಯಾಯ ಮತ್ತೆ ತೆರೆದರೆ
ಇತ್ತು ಉತ್ತರ, ಅರ್ಧ ಪುಟ:
ಒಂದು ಇನ್ನೊಂದನ್ನು ತಳ್ಳುತ್ತದೆ,
ಆ ತಳ್ಳುವುದನ್ನೇ ನಾವು ಮುಟ್ಟುವುದು ಅನ್ನುತ್ತೇವೆ, ಅಂತ.
ಮೂರು ಸಲ ಓದಿದೆ.
ಮೂರನೇ ಸಲ, ಕರೆಂಟು ಹೋಗಿ ಫ್ಯಾನು ನಿಂತಾಗ,
ಸ್ವಲ್ಪ ಹೊಳೆಯಿತೇನೋ.

ತೊಂಬತ್ನಾಲ್ಕನೇ ಪುಟಕ್ಕೆ ಪೆನ್ಸಿಲ್ಲು ನಿಂತಿತು.
ಗೆರೆ ಅರ್ಧ ವಾಕ್ಯಕ್ಕೆ, ಅಷ್ಟೆ.
ಬೇಸರ ಬಂತೋ, ಗಡುವು ಮುಗಿಯಿತೋ, ಬೇರೆ ಊರಿಗೆ ವರ್ಗವೋ.
ಮುಂದಿನ ಪುಟಗಳು ಇನ್ನೂ ಅಂಟಿಕೊಂಡೇ ಇದ್ದವು
ಗಂಜಿ ಬಿಡದ ಹೊಸ ಬಟ್ಟೆಯ ಮಡಿಕೆಯಂತೆ.
ಒಂದೊಂದೇ ಬಿಡಿಸಿದೆ, ಒಬ್ಬಳೇ.
ನಮ್ಮ ಕೋಟೆಗುಡ್ಡದ ಬಂಡೆಗಿಂತ ಹಳೆಯ ಬೆಳಕು
ಇನ್ನೂ ದಾರಿಯಲ್ಲೇ ಇದೆ ಎಂಬಲ್ಲಿಗೆ
ಜೇಬಿನ ಲೆಕ್ಕ ಕೈಬಿಟ್ಟಿತು.
ಎಷ್ಟು ಪ್ಯಾಂಟು, ಯಾರ ಕಾಲಿಗೆ?
ಸುಮ್ಮನೆ ಕೂತೆ. ಬಟ್ಟಲಲ್ಲಿ ಚಹಾ ಆರಿತು.

ನಾಳೆ ಮರಳಿಸಬೇಕು.
ಡೆನಿಮ್ಮಿನ ನೀಲಿ, ಎಷ್ಟು ತೊಳೆದರೂ
ಉಗುರ ಸಂದಿಯಲ್ಲಿ ಉಳಿಯುತ್ತದೆ.
ನೂರ ಹನ್ನೊಂದರ ಅಂಚಿಗೆ, ನೂರ ನಲವತ್ತರ ಮೂಲೆಗೆ
ಹೆಬ್ಬೆರಳು ಮೂಡಿದೆ.
ರಬ್ಬರು ತಗೊಂಡೆ, ಇಟ್ಟುಬಿಟ್ಟೆ.
ದಂಡ ಹಾಕಿದರೆ
ನಾಲ್ಕು ಜೇಬು ಹೆಚ್ಚಿಗೆ ಹೊಲಿದರಾಯಿತು.