ಬಲಗಡೆಯ ಸೀಟು

ಜಾಹೀರಾತಿನಲ್ಲಿ ಹಾಕಿದ್ದು ಇಷ್ಟೇ:
ಎಪ್ಪತ್ತಮೂರರ ಫೈರ್‌ಬರ್ಡ್, ಎಂಟು ಸಿಲಿಂಡರು,
ಒಬ್ಬರೇ ಮಾಲಿಕರು, ಮೂಲ ಬಣ್ಣ, ತುಕ್ಕಿಲ್ಲ.
ಬೊನಿಫಾಸ್ ಪೊರ್ಬುಗಳು ಹೇಳಿದರು, ನಾನು ಬರೆದೆ.
ಕಾಗದದ ಅಂಚಿನಲ್ಲಿ ಗ್ರೀಸಿನ ಹೆಬ್ಬೆಟ್ಟು ಉಳಿಯಿತು.

ತುಕ್ಕಿಲ್ಲದ್ದು ಹೇಗೆಂದು ಯಾರೂ ಬರೆಯುವುದಿಲ್ಲ.
ಬೋಳಾರದ ಗಾಳಿ ಬಾಗಿಲ ಕೊಂಡಿಯನ್ನು ತಿನ್ನುತ್ತದೆ,
ನನ್ನ ಸೈಕಲ್ಲನ್ನು ತಿಂದಿತು,
ಗ್ಯಾರೇಜಿನ ಶೀಟನ್ನು ಎರಡು ಸಲ ತಿಂದಿತು.
ಈ ಕಾರಿನ ಹೊಟ್ಟೆಗೆ ಮಾತ್ರ ಪ್ರತಿ ಮೇ ತಿಂಗಳ ಕೊನೆಗೆ
ಬೂತಾಯಿ ಎಣ್ಣೆ ಬಳಿದೆ ನಾನು,
ದೋಣಿಗೆ ಬಳಿಯುವ ಹಾಗೆ, ಅಂಗಾತ ಮಲಗಿ,
ಕಣ್ಣಿಗೆ ತೊಟ್ಟಿಕ್ಕಿಸಿಕೊಂಡು.
ಮಳೆಗಾಲವಿಡೀ ಜೆಪ್ಪಿನ ಬೆಕ್ಕುಗಳೆಲ್ಲ
ಅದರಡಿಯಲ್ಲೇ ಸಂಸಾರ ಹೂಡಿದವು.

ಬಾನೆಟ್ಟಿನ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿ.
ಕಂಪೆನಿಯವರು ಬೆಂಕಿಹಕ್ಕಿ ಅಂದರಂತೆ,
ನಮ್ಮ ಓಣಿಯ ಮಕ್ಕಳು ಕೋಳಿ ಅಂದರು.
ಅಂಕಕ್ಕೆ ಬಿಟ್ಟರೆ ಗೆದ್ದೀತು, ಎನ್ನುತ್ತಿದ್ದ
ಗೂಡಂಗಡಿಯ ದೂಮಪ್ಪ,
ಆದರೆ ಲೀಟರಿಗೆ ನಾಲ್ಕೇ ಕಿಲೋಮೀಟರು ಹಾರುವ ಕೋಳಿ ಮಾರಾಯ!

ಕುವೈಟಿನಿಂದ ಹಡಗಿನಲ್ಲಿ ಬಂದದ್ದು. ಸ್ಟಿಯರಿಂಗು ಎಡಕ್ಕೆ.
ಇಲ್ಲಿ ಎಡಕ್ಕೆ ಕೂತವನಿಗೆ ಕಾಣುವುದು
ಚರಂಡಿ, ಮತ್ತೆ ಮುಂದಿನ ಲಾರಿಯ ಬೆನ್ನು.
ಹಾಗಾಗಿ ಬಲಕ್ಕೆ ನನ್ನನ್ನು ಕೂರಿಸಿಕೊಂಡರು.
‘ವಾಮನ, ಎಂತ ಉಂಟು ಎದುರು?’
‘ಬಸ್ಸುಂಟು. ಬೇಡ.’
‘ಈಗ?’
‘ಸ್ಕೂಟರು. ತಡೀರಿ.’
‘ಈಗ?’
‘ಹೋಗಿ.’
ಆ ಒಂದು ಹೋಗಿಗೆ ಅವರು ಕಾಲು ಒತ್ತಿದರೆ
ಕೂಳೂರಿನ ಸೇತುವೆ ಬೆನ್ನ ಹಿಂದೆ ಮಡಚಿಕೊಳ್ಳುತ್ತಿತ್ತು,
ನನ್ನ ದವಡೆ ಹಲ್ಲಿಗೆ ತುಂಬಿಸಿದ ಬೆಳ್ಳಿ ನಡುಗುತ್ತಿತ್ತು.
ಮೂವತ್ತೊಂದು ವರ್ಷ.
ಒಮ್ಮೆಯೂ ಅವರು ಬಗ್ಗಿ ನೋಡಿ ಖಾತ್ರಿ ಮಾಡಿಕೊಳ್ಳಲಿಲ್ಲ.
ನನ್ನ ಮನೆಯಲ್ಲಿ ನನ್ನ ಮಾತಿಗೆ ಅಷ್ಟು ಬೆಲೆ ಇರಲಿಲ್ಲ.

ಒಂದು ಸಲ ತಪ್ಪಿದೆ.
ಮುಕ್ಕದ ಹತ್ತಿರ, ಮುಸ್ಸಂಜೆ, ‘ಹೋಗಿ’ ಅಂದುಬಿಟ್ಟೆ.
ಲಾರಿ ನನ್ನ ಬದಿಯನ್ನೇ ಸವರಿಕೊಂಡು ಹೋಯಿತು.
ಹಳೆಯಂಗಡಿಯವರೆಗೆ ಇಬ್ಬರೂ ಮಾತಾಡಲಿಲ್ಲ.
ಚಾ ಬಂದಮೇಲೆ, ಗ್ಲಾಸು ಹಿಡಿದ ಕೈ ನಿಂತಮೇಲೆ,
‘ಅವ ಲೈಟು ಹಾಕಿರಲಿಲ್ಲ’ ಅಂದರು ಪೊರ್ಬುಗಳು.
ಹಾಕಿದ್ದ.

ಹಲಸಿನೆಲೆಯ ಆ ಹಸಿರನ್ನು ಹನ್ನೊಂದು ದಿನ ಬೆರೆಸಿದೆ.
ನೆರಳಲ್ಲಿ ಸರಿಬಂದದ್ದು ಬಿಸಿಲಲ್ಲಿ ಬೇರೆಯಾಗುತ್ತಿತ್ತು.
ಕೊನೆಗೆ ಕೂತಿತು, ಅಂಗೈಯಗಲದ ಜಾಗ,
ನನಗೂ ಈಗ ಹುಡುಕಿ ನೋಡಬೇಕು.

ಮೊನ್ನೆ ಪುಣೆಯಿಂದ ಹುಡುಗನೊಬ್ಬ ಬಂದ.
ಮೊದಲು ಮೂಗು ಮುಚ್ಚಿಕೊಂಡ, ಆಮೇಲೆ ಅಡಿಗೆ ನುಸುಳಿ
ಟಾರ್ಚು ಹಾಕಿ ನೋಡಿ, ಮೂಗಿನಿಂದ ಕೈ ತೆಗೆದ.
ಬಣ್ಣದ ದಪ್ಪ ಅಳೆಯುವ ಯಂತ್ರವುಂಟು ಅವನ ಹತ್ತಿರ,
ಡಾಕ್ಟರು ಎದೆಗೆ ಇಡುವ ಹಾಗೆ
ಇಟ್ಟು ಇಟ್ಟು ಬಂದು ಬಲಗಡೆ ಮಡ್‌ಗಾರ್ಡಿನಲ್ಲಿ ನಿಂತ.
ಅಂಕಿ ದುಪ್ಪಟ್ಟು.
ಅವ ನನ್ನನ್ನು ನೋಡಿದ.
ಪೊರೆ ಬಂದ ಎರಡೂ ಕಣ್ಣನ್ನು
ಕಾರು ಇಲ್ಲದ ಕಡೆಗೆ ತಿರುಗಿಸಿ ಪೊರ್ಬುಗಳು ಹೇಳಿದರು:
‘ಅದು ಕಂಪೆನಿಯದ್ದೇ.’

ಬಲಕ್ಕೊಂದು ಕ್ಯಾಮೆರಾ ಸಿಕ್ಕಿಸ್ತೇನೆ, ಅಂದ ಹುಡುಗ,
ಪಕ್ಕದಲ್ಲಿ ಯಾರೂ ಬೇಕಾಗುವುದಿಲ್ಲ.
ಒಳ್ಳೆಯದಾಯ್ತು, ಅಂದೆ. ಕೀಲಿಕೈ ಕೊಟ್ಟೆ.
ಮೂವತ್ತೊಂದು ವರ್ಷದಲ್ಲಿ ಆ ಚಕ್ರವನ್ನು
ಒರೆಸುವುದಕ್ಕಲ್ಲದೆ ನಾನು ಮುಟ್ಟಿದ್ದಿಲ್ಲ
ಎಂಬುದು ಆಗ ನೆನಪಾಯ್ತು.

ಟ್ರೇಲರು ಮೊರ್ಗನ್ಸ್ ಗೇಟು ದಾಟಿತು.
ಖಾಲಿ ನೆಲದಲ್ಲಿ ಎಣ್ಣೆಯದೊಂದು ಕಪ್ಪು ನಕ್ಷೆ.
ಕತ್ತಲಾಗುವ ಹೊತ್ತಿಗೆ ಪೊರ್ಬುಗಳು
ಜಗಲಿಯ ಕುರ್ಚಿಯಲ್ಲಿ, ನಾನು ಅವರ ಬಲಕ್ಕೆ.
‘ಎಂತ ಉಂಟು, ವಾಮನ?’
‘ಎಂತ ಇಲ್ಲ. ಬೆಕ್ಕು.’
‘ಈಗ?’
‘ಬೆಕ್ಕೇ. ಮೂರಾಯ್ತು.’